ಅಕ್ಷರ ಕೆಟ್ಟಾಗ ಮೊದಲು ಬೈಟ್ ನೋಡು

ಪುಟ್ಟಿ,

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದೆಯಲ್ಲ. "ದೊಡ್ಡಮ್ಮಾ, ಫ್ರಾನ್ಸಿನ ಕ್ಲೈಂಟ್ ಕಳಿಸಿದ ಗ್ರಾಹಕರ ಪಟ್ಟೀಲಿ ಹೆಸರುಗಳೆಲ್ಲ ಕೆಟ್ಟುಹೋಗಿವೆ. ರೆನೆ ಅನ್ನೋ ಹೆಸರಿನ ಕೊನೇಲಿ ತಲೆ ಮೇಲೆ ಅಲೆಗೀಟು ಇರೋ ದೊಡ್ಡ ಎ, ಅದರ ಪಕ್ಕ ಕಾಪಿರೈಟ್ ಗುರುತು ಬರ್ತಿದೆ" ಅಂದೆ. ಏಕೆ ಹಾಗಾಯಿತು ಎಂದು ನಾನು ಹೇಳುವ ಮೊದಲೇ, "ಆ ಎರಡು ಗುರುತು ಸಿಕ್ಕಲ್ಲೆಲ್ಲ ಸರಿಯಾದ ಅಕ್ಷರ ಹಾಕೋಕೆ ನಾಲ್ಕು ಸಾಲು ಬರೆದುಬಿಟ್ಟೆ, ಸರಿಹೋಯ್ತು" ಎಂದು ಫೋನ್ ಇಟ್ಟೆ. ನೀನು ನೆಮ್ಮದಿಯಿಂದ ಮಲಗಿರಬೇಕು. ನನಗೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅದರಲ್ಲಿ ನನ್ನನ್ನು ಅತಿ ಹೆಚ್ಚು ಅಳಿಸಿದ್ದು ಇಂಥ ನಾಲ್ಕು ಸಾಲುಗಳೇ. ಅದಕ್ಕೇ ಸಾವಧಾನವಾಗಿ ಕುಳಿತು ಬರೆಯುತ್ತಿದ್ದೇನೆ. ಓದು.

ನಿನ್ನ ನಾಲ್ಕು ಸಾಲು ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಓರೆಗೀಟಿನ ಸಣ್ಣ ಇ ಒಂದಕ್ಕೆ ನೀನು ಮದ್ದು ಹಾಕಿದೆ. ಫ್ರೆಂಚ್‌ನಲ್ಲಿ ಇನ್ನೊಂದು ಅಕ್ಷರವಿದೆ, ಎಡಕ್ಕೆ ವಾಲಿದ ಗೀಟು ಹೊತ್ತ ಸಣ್ಣ ಎ. ಅದೂ ಇದೇ ರೀತಿ ಕೆಟ್ಟು ಬಂದಾಗ ಅಲೆಗೀಟಿನ ಎ ಮಾತ್ರ ಕಣ್ಣಿಗೆ ಕಾಣುತ್ತದೆ. ಅದರ ಜೊತೆಗಾರ 160ನೇ ಸಂಖ್ಯೆ. ಅದು ಬರಿಯ ಖಾಲಿ ಜಾಗ, ಸಾಲು ಮುರಿಯದಿರಲೆಂದು ಇಡುವ ಬಗೆಯದು. ಹೆಸರಿನ ತುದಿಯ ಖಾಲಿ ಜಾಗ ತೆಗೆಯುವ ಒಂದು ಸಾಲು ನಿನ್ನ ಪ್ರೋಗ್ರಾಮಿನಲ್ಲಿ ಖಂಡಿತ ಇರುತ್ತದೆ, ಎಲ್ಲರೂ ಹಾಕುತ್ತಾರೆ. ಆ ಸಾಲು ಈ ಜೊತೆಗಾರನನ್ನು ಒರೆಸಿಹಾಕುತ್ತದೆ. ಆಮೇಲೆ ಉಳಿದ ಒಂಟಿ ಎ ಯಾವ ಅಕ್ಷರದ ಅರ್ಧ ಎಂದು ಖಚಿತವಾಗಿ ಹೇಳುವುದು ಕಷ್ಟ. ಇಮೇಲ್ ವಿಳಾಸ, ಹೆಸರು ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸುವ ಸಾಲಿದ್ದರಂತೂ ಆ ದೊಡ್ಡ ಎ ಸಣ್ಣದಾಗಿ, ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತದೆ. ನೀನು ಕಂಡದ್ದು ರೋಗದ ಮೇಲಿನ ಕಲೆ, ಪುಟ್ಟಿ. ರೋಗ ಬೇರೆ ಕಡೆ ಇದೆ.

ಅಕ್ಷರ ಅಂದರೆ ಕಂಪ್ಯೂಟರಿಗೆ ಸಂಖ್ಯೆ, ಅಷ್ಟೇ. ಇದು ನಿನಗೆ ಗೊತ್ತು. ಗೊತ್ತಿದ್ದೂ ಎರರ್ ಬಂದ ಗಳಿಗೆಯಲ್ಲಿ ಎಲ್ಲರೂ ಮರೆಯುತ್ತಾರೆ. 1963ರಲ್ಲಿ ಅಮೆರಿಕದವರು ಆಸ್ಕಿ ಎಂಬ ಪಟ್ಟಿ ಮಾಡಿದಾಗ ಅದರಲ್ಲಿ ಇದ್ದದ್ದು 128 ಜಾಗ, 0ರಿಂದ 127. ಇಂಗ್ಲಿಷಿಗೆ ಅಷ್ಟು ಸಾಕಾಗಿತ್ತು. ಒಂದು ಬೈಟ್‌ನಲ್ಲಿ 256 ಸಂಖ್ಯೆ ಹಿಡಿಯುವುದರಿಂದ ಮೇಲಿನ 128 ಜಾಗ ಖಾಲಿ ಉಳಿಯಿತು. ಆ ಖಾಲಿ ಜಾಗದಲ್ಲಿ ಒಬ್ಬೊಬ್ಬರು ಒಂದೊಂದು ಸಂಸಾರ ಹೂಡಿದರು. ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಬಂದ ಲ್ಯಾಟಿನ್-1 ಪಟ್ಟಿಯಲ್ಲಿ 233 ಅಂದರೆ ಓರೆಗೀಟಿನ ಸಣ್ಣ ಇ. ಹಳೆಯ ಐಬಿಎಂ ಪಿಸಿಯ ಕೋಡ್‌ಪೇಜ್ 437ರಲ್ಲಿ ಅದೇ 233 ಗ್ರೀಕರ ಥೀಟಾ. ಯುರೋಪಿನ ಪಿಸಿಗಳಲ್ಲಿದ್ದ 850ರಲ್ಲಿ ಅದು ಓರೆಗೀಟಿನ ದೊಡ್ಡ ಯು. ಮೈಕ್ರೋಸಾಫ್ಟ್‌ನ ವಿಂಡೋಸ್-1252 ಬಹುಮಟ್ಟಿಗೆ ಲ್ಯಾಟಿನ್-1ರಂತೆಯೇ ಇದ್ದು, 128ರಿಂದ 159ರವರೆಗಿನ ಜಾಗದಲ್ಲಿ ಯೂರೋ ಗುರುತು, ಬಾಗಿದ ಉದ್ಧರಣ ಚಿಹ್ನೆಗಳನ್ನು ಸೇರಿಸಿಕೊಂಡಿತು. ಹೀಗಾಗಿ 233 ಎಂಬ ಬೈಟ್ ತಾನಾಗಿ ಏನನ್ನೂ ಹೇಳುವುದಿಲ್ಲ. ಯಾವ ಪಟ್ಟಿ ಹಿಡಿದು ಓದಬೇಕು ಎಂದು ಜೊತೆಯಲ್ಲಿ ಯಾರಾದರೂ ಹೇಳಿಕಳಿಸಬೇಕು. ಹೇಳಿಕಳಿಸದೆ ಇದ್ದರೆ ಓದುವವನು ಊಹಿಸುತ್ತಾನೆ. ನಿನ್ನ ತೊಂದರೆಯ ಬೇರು ಈ ಊಹೆಯಲ್ಲಿದೆ.

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತು, ತಟ್ಟೆಯ ಕೆಳಗೆ ಹಾಸಿದ ಕಾಗದದ ಮೇಲೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪಟ್ಟಿಯಾದ ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8ರ ಲೆಕ್ಕ ಹಾಕಿದರು. ಆ ಲೆಕ್ಕದ ಸೊಬಗನ್ನು ನಾನು ಇಂದಿಗೂ ಮೆಚ್ಚುತ್ತೇನೆ. 127ರವರೆಗೆ ಆಸ್ಕಿ ಇದ್ದಂತೆಯೇ ಒಂದು ಬೈಟ್. ಅದರಾಚೆಗಿನ ಅಕ್ಷರಗಳಿಗೆ ಎರಡು, ಮೂರು, ನಾಲ್ಕು ಬೈಟ್. ಮೊದಲ ಬೈಟ್ ನೋಡಿದ ಕೂಡಲೇ ಹಿಂದೆ ಎಷ್ಟು ಬೈಟ್ ಬರುತ್ತವೆ ಎಂದು ಗೊತ್ತಾಗುತ್ತದೆ. ಹಿಂದೆ ಬರುವವೆಲ್ಲ 128ರಿಂದ 191ರೊಳಗೇ ಇರಬೇಕು, ತಪ್ಪಿದರೆ ಅದು ಯುಟಿಎಫ್-8 ಅಲ್ಲ. ಈ ಕಟ್ಟುನಿಟ್ಟು ನಿನ್ನ ಪಾಲಿನ ವರ.

ಈಗ ರೆನೆಯನ್ನು ತಗೊ. ಲ್ಯಾಟಿನ್-1ರಲ್ಲಿ ಆ ಹೆಸರು ನಾಲ್ಕು ಬೈಟ್: 82, 101, 110, 233. ಯುಟಿಎಫ್-8ರಲ್ಲಿ ಐದು: 82, 101, 110, 195, 169. ಐದು ಬೈಟಿನ ಫೈಲನ್ನು ಲ್ಯಾಟಿನ್-1 ಎಂದುಕೊಂಡು ಓದಿದವನಿಗೆ 195 ಅಲೆಗೀಟಿನ ದೊಡ್ಡ ಎ, 169 ಕಾಪಿರೈಟ್ ಗುರುತು. ನೀನು ಕಂಡದ್ದು ಇದನ್ನೇ. ಫೈಲಿನಲ್ಲಿ ಬಹುಶಃ ಏನೂ ತಪ್ಪಿಲ್ಲ, ಓದಿದವರದೇ ತಪ್ಪು. ಓದಿದ್ದು ತಪ್ಪಾಗಿರುವಾಗ ನೀನು ಹೋಗಿ ಬರಹವನ್ನು ತಿದ್ದಿದೆ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ.

ಇದರ ತಿರುಗುಮುರುಗನ್ನೂ ತಿಳಿದಿರು. ನಾಲ್ಕು ಬೈಟಿನ ಫೈಲನ್ನು ಯುಟಿಎಫ್-8 ಎಂದು ಓದಲು ಹೊರಟರೆ, 233 ಕಂಡ ತಕ್ಷಣ ಓದುಗ "ಮೂರು ಬೈಟಿನ ಅಕ್ಷರ ಶುರುವಾಯಿತು" ಎಂದುಕೊಳ್ಳುತ್ತಾನೆ. ಆದರೆ ಹೆಸರು ಮುಗಿದ ಕೂಡಲೇ ಸಿಗುವುದು ಕಾಲಮ್ ಬೇರ್ಪಡಿಸುವ ಅಲ್ಪವಿರಾಮ, ಅದರ ಸಂಖ್ಯೆ 44. ಲೆಕ್ಕ ಕೂಡಲಿಲ್ಲವೆಂದು ಪೈಥಾನ್ ಅಲ್ಲೇ ನಿಂತು, ಇಷ್ಟನೇ ಜಾಗದಲ್ಲಿ ಇಂಥ ಬೈಟ್ ಓದಲಾಗಲಿಲ್ಲ ಎಂದು ಕೂಗುತ್ತದೆ. ಕೆಂಪು ಎರರ್ ಕಂಡು ಹೊಸಬರು ಹೆದರುತ್ತಾರೆ, ಹೆದರಿ ಎನ್‌ಕೋಡಿಂಗ್ ಲ್ಯಾಟಿನ್-1 ಎಂದು ಬದಲಿಸುತ್ತಾರೆ, ಎರರ್ ಹೋಗುತ್ತದೆ. ಈ ಫೈಲಿನ ಮಟ್ಟಿಗೆ ಅದು ಸರಿಯೇ ಆಗಿರಬಹುದು. ಆದರೆ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ: ಲ್ಯಾಟಿನ್-1 ಎಂದು ಓದಿದರೆ ಎರರ್ ಬರುವುದೇ ಇಲ್ಲ. 256 ಬೈಟಿಗೂ ಅದರಲ್ಲಿ ಒಂದೊಂದು ಅರ್ಥವಿದೆ. ಚಿತ್ರದ ಫೈಲ್ ಕೊಟ್ಟರೂ ಅಕ್ಷರ ಎಂದು ಓದಿಕೊಂಡು ಹೋಗುತ್ತದೆ. ಎರರ್ ನಿಂತಿತು ಎಂಬುದನ್ನೇ ಸರಿಯಾಯಿತು ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡ. ಯುಟಿಎಫ್-8 ಎಂದು ಓದಿಸಿದಾಗ, ಗೀಟು ಚುಕ್ಕೆಗಳಿರುವ ದೊಡ್ಡ ಫೈಲೊಂದು ಒಂದು ಎರರ್ ಕೂಡ ಇಲ್ಲದೆ ಪೂರ್ತಿ ಓದಿಸಿಕೊಂಡಿತು ಅಂದರೆ, ಅದು ಯುಟಿಎಫ್-8 ಎಂದು ಹೆಚ್ಚುಕಡಿಮೆ ಖಚಿತ. ಬೇರೆ ಪಟ್ಟಿಯ ಬರಹ ಆಕಸ್ಮಿಕವಾಗಿ ಆ ಕಟ್ಟುನಿಟ್ಟಿಗೆ ಹೊಂದುವುದು ಬಲು ಅಪರೂಪ.

ನಾಡಿ ಹಿಡಿದು ರೋಗ ಹೇಳುವ ಹಾಗೆ, ಕೆಟ್ಟ ಅಕ್ಷರದ ರೂಪ ನೋಡಿಯೇ ಎಲ್ಲಿ ತಪ್ಪಾಗಿದೆ ಎಂದು ಅರ್ಧ ಹೇಳಬಹುದು. ಒಂದು ಅಕ್ಷರದ ಜಾಗದಲ್ಲಿ ಎರಡು ಬಂದು, ಮೊದಲನೆಯದು ಅಲೆಗೀಟಿನ ಎ ಆಗಿದ್ದರೆ ಒಂದು ಸಲ ತಪ್ಪಾಗಿ ಓದಲಾಗಿದೆ. ನಾಲ್ಕು ಬಂದರೆ ತಪ್ಪಾಗಿ ಓದಿದ್ದನ್ನು ಬರೆದಿಟ್ಟು, ಅದನ್ನು ಮತ್ತೆ ತಪ್ಪಾಗಿ ಓದಲಾಗಿದೆ. ಆಗ 195, 169 ಇದ್ದಲ್ಲಿ 195, 131, 194, 169 ಎಂದು ಆಗಿರುತ್ತದೆ. ಥೀಟಾ ಕಂಡರೆ ಫೈಲ್ ಸರಿಯಿದೆ, ವಿಂಡೋಸ್‌ನ ಕಪ್ಪು ತೆರೆ ಹಳೆಯ ಪಟ್ಟಿ ಹಿಡಿದು ತೋರಿಸುತ್ತಿದೆ. ಡೇಟಾ ಮುಟ್ಟಬೇಡ, ತೆರೆಯ ಕೋಡ್‌ಪೇಜ್ 65001 ಮಾಡಿಕೊಂಡು ಯುಟಿಎಫ್-8ರಲ್ಲೇ ಬರೆಸು. ಫೈಲಿನ ಮೊಟ್ಟಮೊದಲಿಗೆ ಮೂರು ವಿಚಿತ್ರ ಗುರುತು ಇದ್ದರೆ ಅದು 239, 187, 191, ಯುಟಿಎಫ್-8 ಫೈಲಿನ ತಲೆಗೆ ಎಕ್ಸೆಲ್‌ನಂಥವು ಅಂಟಿಸುವ ಚೀಟಿ. ಮೊದಲ ಕಾಲಮ್‌ನ ಹೆಸರು ಕಣ್ಣಿಗೆ ಸರಿಯಾಗಿದ್ದೂ "ಇಂಥ ಕಾಲಮ್ ಇಲ್ಲ" ಎಂದು ಪ್ರೋಗ್ರಾಂ ಹಟ ಹಿಡಿದರೆ ಈ ಚೀಟಿಯೇ ಕಾರಣ. ಪೈಥಾನ್‌ನಲ್ಲಿ ಯುಟಿಎಫ್-8-ಸಿಗ್ ಎಂದು ಓದಿಸಿದರೆ ಚೀಟಿ ಕಳಚಿಕೊಳ್ಳುತ್ತದೆ.

ಇಷ್ಟು ರೋಗಗಳಿಗೂ ಮದ್ದುಂಟು. ಇನ್ನು ಮದ್ದಿಲ್ಲದವು ಎರಡಿವೆ. ಒಂದು, ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ. ತೆರೆಯ ಮೇಲೆ ಮಾತ್ರ ಕಂಡರೆ ಭಯವಿಲ್ಲ, ಮೂಲ ಬೈಟ್ ಇನ್ನೂ ಇರುತ್ತದೆ. ಅದನ್ನು ಯಾರೋ ಫೈಲಿಗೆ ಸೇವ್ ಮಾಡಿಬಿಟ್ಟಿದ್ದರೆ, ಬೈಟ್ ತೆಗೆದು ನೋಡಿದಾಗ 239, 191, 189 ಸಿಗುತ್ತದೆ. ಆ ಮೂರು ಸಂಖ್ಯೆ ಕಂಡರೆ ಅಕ್ಷರ ಹೋಯಿತು ಎಂದೇ ತಿಳಿ. ಇನ್ನೊಂದು, ಬರಿಯ ಪ್ರಶ್ನಾರ್ಥಕ ಚಿಹ್ನೆ, ಸಂಖ್ಯೆ 63. ಬರೆಯುವವನಿಗೆ ತನ್ನ ಪಟ್ಟಿಯಲ್ಲಿ ಆ ಅಕ್ಷರ ಸಿಗದೆ ಹೋದಾಗ ಹಾಕಿ ಕೈತೊಳೆದುಕೊಳ್ಳುವ ಗುರುತು ಅದು.

ಅದರ ಸಂಕಟ ನಾನು ಉಂಡದ್ದನ್ನು ಹೇಳುತ್ತೇನೆ. ತೊಂಬತ್ತರ ದಶಕದ ಕೊನೆ. ಬೆಂಗಳೂರಿನಲ್ಲಿ ನಾನಿದ್ದ ಕಂಪನಿಗೆ ಜರ್ಮನಿಯಿಂದ ಒಂದು ಕೆಲಸ ಬಂತು. ಗ್ರಾಹಕರ ಹೆಸರು, ವಿಳಾಸಗಳನ್ನು ಹಳೆಯ ಯಂತ್ರದಿಂದ ಹೊಸದಕ್ಕೆ ಸಾಗಿಸಬೇಕು. ನಡುವಿನ ಪ್ರೋಗ್ರಾಂ ನಾನೇ ಬರೆದೆ. ಟೆಸ್ಟ್ ಮಾಡಿದ್ದು ನಮ್ಮ ನಮ್ಮ ಹೆಸರನ್ನೇ ಇಂಗ್ಲಿಷ್‌ನಲ್ಲಿ ಹಾಕಿ. ಎಲ್ಲವೂ 127ರೊಳಗಿನ ಅಕ್ಷರಗಳು, ಎಲ್ಲವೂ ಪಾಸ್. ನನ್ನ ಪ್ರೋಗ್ರಾಂ 127 ದಾಟಿದ ಪ್ರತಿಯೊಂದನ್ನೂ ಪ್ರಶ್ನಾರ್ಥಕ ಮಾಡುತ್ತಿತ್ತು. ಎರಡು ಚುಕ್ಕೆ ಹೊತ್ತ ಯು ಇರುವ ಮ್ಯೂಲರ್ ಬೇರೆ, ಎರಡು ಚುಕ್ಕೆ ಹೊತ್ತ ಒ ಇರುವ ಮೋಲರ್ ಬೇರೆ. ಎರಡೂ ಜರ್ಮನಿಯಲ್ಲಿ ಮನೆಮಾತಿನ ಕುಲನಾಮಗಳು. ನನ್ನ ಪ್ರೋಗ್ರಾಮಿನಿಂದ ಹೊರಬಿದ್ದಾಗ ಎರಡೂ ಒಂದೇ ಹೆಸರಾಗಿದ್ದವು. ಒಂದೇ ಹೆಸರಿನ ಎರಡು ಸಾಲು ಕಂಡರೆ ಒಂದುಗೂಡಿಸುವ ಇನ್ನೊಂದು ಪ್ರೋಗ್ರಾಂ ಮುಂದೆ ಕಾದಿತ್ತು. ನಮಗೆ ತಪ್ಪು ಗೊತ್ತಾಗುವ ಹೊತ್ತಿಗೆ ಹಳೆಯ ಟೇಪುಗಳ ಮೇಲೆ ಹೊಸದನ್ನು ಬರೆದಾಗಿತ್ತು. ಜರ್ಮನಿಯ ಕಚೇರಿಯವರು ಕಾಗದದ ಕಡತ ತೆರೆದು ಒಂದೊಂದು ಹೆಸರನ್ನು ಕೈಯಿಂದ ಸರಿಮಾಡಿದರು, ವಾರಗಟ್ಟಲೆ. ಅವರಲ್ಲಿ ಒಬ್ಬರೂ ನನಗೆ ಬೈಯಲಿಲ್ಲ. ಅದು ನನ್ನನ್ನು ಇನ್ನೂ ಹೆಚ್ಚು ನೋಯಿಸಿತು. ಆವತ್ತಿನಿಂದ ಯಾವ ಕೆಲಸ ಹಿಡಿದರೂ ಮೊದಲ ದಿನವೇ ಟೆಸ್ಟ್ ಡೇಟಾದಲ್ಲಿ ಒಂದು ಫ್ರೆಂಚ್ ಹೆಸರು, ಒಂದು ಜರ್ಮನ್ ಹೆಸರು, ಒಂದು ಕನ್ನಡ ಹೆಸರು ಹಾಕುತ್ತಾ ಬಂದೆ. ಈಗಾದರೆ ಒಂದು ಎಮೋಜಿಯನ್ನೂ ಸೇರಿಸು. ಏಕೆಂದು ಮುಂದೆ ಹೇಳುತ್ತೇನೆ.

ಹಾಗಾದರೆ ಹುಡುಕುವುದು ಹೇಗೆ? ತೆರೆಯನ್ನು ನಂಬಬೇಡ. ಎಡಿಟರ್ ತನ್ನ ಊಹೆಯಂತೆ ತೋರಿಸುತ್ತದೆ, ಟರ್ಮಿನಲ್ ತನ್ನ ಊಹೆಯಂತೆ, ಬ್ರೌಸರ್ ತನ್ನದರಂತೆ. ಬೈಟ್ ತೆಗೆದು ನೋಡು. ಲಿನಕ್ಸ್, ಮ್ಯಾಕ್‌ನಲ್ಲಿ ಹೆಕ್ಸ್‌ಡಂಪ್ ಇದೆ. ಅದನ್ನು ಒಂದೊಂದು ಬೈಟ್ ತೋರಿಸುವಂತೆ ಓಡಿಸಿದರೆ ನಮ್ಮ 195, 169 ಎಂಬುದು ಸಿ3 ಎ9 ಎಂದು ಕಾಣುತ್ತದೆ, 233 ಎಂಬುದು ಇ9. ಪೈಥಾನ್‌ನಲ್ಲಿ ಫೈಲನ್ನು ಬೈನರಿ ಆಗಿ ತೆರೆದರೂ ಇದೇ ಸಿಗುತ್ತದೆ. ಸಾವಿರ ಸಾಲು ನೋಡಬೇಕಾಗಿಲ್ಲ. ಕೆಟ್ಟ ಹೆಸರು ಒಂದನ್ನು ಹಿಡಿದುಕೋ, ನಿನಗೆ ಸಿಕ್ಕ ರೆನೆಯೇ ಸಾಕು. ಆ ಒಂದು ಹೆಸರು ನಿನ್ನ ಕೈಗೆ ಬರುವ ಮುಂಚೆ ಎಷ್ಟು ಬಾಗಿಲು ದಾಟಿದೆ ಎಂದು ಕಾಗದದ ಮೇಲೆ ಬರೆ. ಕ್ಲೈಂಟ್‌ನ ಡೇಟಾಬೇಸ್, ಅವರು ಹೊರತೆಗೆದ ಫೈಲ್, ನಡುವೆ ಯಾರೋ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದು, ನಿನ್ನ ಸ್ಕ್ರಿಪ್ಟ್, ನಿನ್ನ ಡೇಟಾಬೇಸ್, ಕೊನೆಗೆ ವೆಬ್ ಪುಟ. ಪ್ರತಿ ಬಾಗಿಲಲ್ಲೂ ರೆನೆಯ ಬೈಟ್ ಎಷ್ಟಿದೆ ಎಂದು ನೋಡುತ್ತಾ ಹೋಗು. ಯಾವ ಬಾಗಿಲ ಆಚೆ ಸರಿಯಿದ್ದು ಈಚೆ ಕೆಟ್ಟಿದೆಯೋ ತಪ್ಪು ಅಲ್ಲೇ ಇದೆ, ಮದ್ದನ್ನೂ ಅಲ್ಲೇ ಹಾಕಬೇಕು. ಮುಂದಿನ ಬಾಗಿಲಲ್ಲಿ ತೇಪೆ ಹಚ್ಚಿದರೆ, ನಾಳೆ ಹಿಂದಿನ ಬಾಗಿಲನ್ನು ಯಾರೋ ಪುಣ್ಯಾತ್ಮರು ಸರಿಮಾಡಿದ ದಿನ ನಿನ್ನ ತೇಪೆಯೇ ಹೊಸ ರೋಗವಾಗುತ್ತದೆ.

ನಿನ್ನ ವಿಷಯದಲ್ಲಿ ನನ್ನ ಅನುಮಾನ ಸ್ಕ್ರಿಪ್ಟ್ ಮೇಲೇ ಇದೆ. ನೀನು ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಬರೆಯುತ್ತೀ. ಪೈಥಾನ್ 3ರಲ್ಲಿ ಪ್ರೋಗ್ರಾಮಿನ ಒಳಗಿನ ಪಠ್ಯವೆಲ್ಲ ಯೂನಿಕೋಡ್, ಸೋರ್ಸ್ ಫೈಲ್ ಕೂಡ ಯುಟಿಎಫ್-8. ಆದ್ದರಿಂದ ಎಲ್ಲ ಸರಿಯಿದೆ ಎಂಬ ಭ್ರಮೆ ಬರುತ್ತದೆ. ಆದರೆ ಎನ್‌ಕೋಡಿಂಗ್ ಹೇಳದೆ ಫೈಲ್ ತೆರೆದರೆ ಅದು ಆಪರೇಟಿಂಗ್ ಸಿಸ್ಟಮ್ ಏನು ಹೇಳುತ್ತದೋ ಅದನ್ನು ಹಿಡಿಯುತ್ತದೆ. ನಿನ್ನ ವಿಂಡೋಸ್‌ನಲ್ಲಿ ಅದು 1252, ಸರ್ವರ್‌ನ ಲಿನಕ್ಸ್‌ನಲ್ಲಿ ಯುಟಿಎಫ್-8. ಅಲ್ಲಿ ಸರಿಯಿದ್ದದ್ದು ಇಲ್ಲಿ ಕೆಡುವುದು ಇದೇ ಕಾರಣಕ್ಕೆ. ಈ ಗೊಂದಲಕ್ಕೆ ತೆರೆ ಎಳೆಯಲೆಂದೇ 3.15ರಿಂದ ಎಲ್ಲೆಡೆ ಯುಟಿಎಫ್-8 ಎಂದೇ ಹಿಡಿಯುವುದೆಂದು ಪೈಥಾನ್‌ನವರು ತೀರ್ಮಾನಿಸಿದ್ದಾರೆ. ಜಾವಾದವರು ಆ ಕೆಲಸವನ್ನು 2022ರ ಮಾರ್ಚ್‌ನಲ್ಲಿ 18ನೇ ಆವೃತ್ತಿಯಲ್ಲೇ ಮಾಡಿದರು. ಆರ್ ಭಾಷೆ ಕೂಡ ಅದೇ ವರ್ಷದ 4.2ರಿಂದ ವಿಂಡೋಸ್‌ನಲ್ಲಿ ಯುಟಿಎಫ್-8ಕ್ಕೆ ಬಂತು. ಆದರೂ ಹಳೆಯ ಆವೃತ್ತಿಗಳು ಆಫೀಸುಗಳಲ್ಲಿ ಇನ್ನೂ ಬಹಳ ವರ್ಷ ಓಡುತ್ತವೆ. ನೀನು ಪ್ರತಿ ಸಲವೂ ಎನ್‌ಕೋಡಿಂಗನ್ನು ಬಾಯಿಬಿಟ್ಟು ಹೇಳು. ಫೈಲ್ ತೆರೆಯುವ ಒಂದೇ ಒಂದು ಸಾಲಿನಲ್ಲೂ ಬಿಡಬೇಡ.

ವಿಂಡೋಸ್-1252ರಲ್ಲಿ, ಲ್ಯಾಟಿನ್-1ರಂತಲ್ಲದೆ, ಐದು ಜಾಗ ಖಾಲಿ: 129, 141, 143, 144, 157. ಬಾಗಿದ ಮುಕ್ತಾಯದ ಉದ್ಧರಣ ಚಿಹ್ನೆ ಯುಟಿಎಫ್-8ರಲ್ಲಿ 226, 128, 157. ವರ್ಡ್‌ನಿಂದ ತಂದ ಪಠ್ಯ ಇರುವ ಫೈಲನ್ನು ವಿಂಡೋಸ್‌ನಲ್ಲಿ ಓದಿಸಿದಾಗ ಚಾರ್‌ಮ್ಯಾಪ್ ಎಂಬ ಹೆಸರಿನ ಎರರ್ ಬರುವುದು ಆ 157ರಿಂದ. ನಮ್ಮ ಕನ್ನಡಕ್ಕೆ ಇದು ಇನ್ನೂ ಹತ್ತಿರದ ಸಂಗತಿ. ಕನ್ನಡದ ಪ್ರತಿ ಚಿಹ್ನೆಯೂ ಮೂರು ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಒತ್ತಕ್ಷರ ಕೂಡಿಸುವ ಹಲಂತ ಗುರುತು 224, 179, 141. ಅಂದರೆ ಎನ್‌ಕೋಡಿಂಗ್ ಹೇಳದೆ ಕನ್ನಡ ಫೈಲನ್ನು ಆ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ, ಬೇರೆಲ್ಲೂ ನಿಲ್ಲದಿದ್ದರೂ ಮೊದಲ ಒತ್ತಕ್ಷರದ ಬಳಿ ಪೈಥಾನ್ ನಿಂತೇ ನಿಲ್ಲುತ್ತದೆ. ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಫ್ರೆಂಚ್ ಹೆಸರುಗಳು ಸದ್ದಿಲ್ಲದೆ ಕೆಡುತ್ತವೆ, ಕನ್ನಡ ಕೂಗಿ ಹೇಳುತ್ತದೆ. ಟೆಸ್ಟ್‌ನಲ್ಲಿ ಕನ್ನಡ ಹೆಸರು ಹಾಕು ಎಂದದ್ದು ಅಭಿಮಾನಕ್ಕೆ ಮಾತ್ರ ಅಲ್ಲ.

ಸ್ಕ್ರಿಪ್ಟ್‌ನಲ್ಲಿ ಇಲ್ಲವೆಂದಾದರೆ ಡೇಟಾಬೇಸ್ ನೋಡು. ಅತ್ಯಂತ ಮೋಸದ ಬಾಗಿಲು ಅದು. ಮೈಎಸ್‌ಕ್ಯೂಎಲ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಬಹಳ ಕಾಲ ಅದರ ಮೂಲ ಪಟ್ಟಿ ಲ್ಯಾಟಿನ್-1, ಅಕ್ಷರ ಜೋಡಿಸುವ ಕ್ರಮ ಸ್ವೀಡಿಷ್. ಟೇಬಲ್ ಯುಟಿಎಫ್-8 ಆಗಿದ್ದರೂ, ಪ್ರೋಗ್ರಾಂ ಮತ್ತು ಸರ್ವರ್ ನಡುವಿನ ಸಂಪರ್ಕವನ್ನು ಲ್ಯಾಟಿನ್-1 ಎಂದು ಘೋಷಿಸಿದ್ದರೆ ಏನಾಗುತ್ತದೆ ನೋಡು. ನೀನು ಕಳಿಸಿದ 195, 169 ಎರಡು ಬೇರೆ ಬೇರೆ ಅಕ್ಷರ ಎಂದುಕೊಂಡು ಸರ್ವರ್ ಒಂದೊಂದನ್ನೂ ಯುಟಿಎಫ್-8 ಮಾಡಿ 195, 131, 194, 169 ಎಂದು ಬರೆದಿಡುತ್ತದೆ. ಹಿಂದಕ್ಕೆ ಕೇಳಿದಾಗ ಅದೇ ತಪ್ಪನ್ನು ತಿರುಗಿಸಿ 195, 169 ಕೊಡುತ್ತದೆ. ತೆರೆಯ ಮೇಲೆ ರೆನೆ ಸೊಗಸಾಗಿ ಕಾಣುತ್ತಾನೆ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ವರ್ಷಗಟ್ಟಲೆ ಸಂಸಾರ ನಡೆಸುತ್ತವೆ. ಒಂದು ದಿನ ಸಂಪರ್ಕವನ್ನು ಸರಿಯಾಗಿ ಘೋಷಿಸಿದ ಹೊಸ ಪ್ರೋಗ್ರಾಂ ಬರುತ್ತದೆ, ಎಲ್ಲ ಹೆಸರೂ ಕೆಟ್ಟು ಕಾಣುತ್ತದೆ, ಪಾಪ ಹೊಸ ಪ್ರೋಗ್ರಾಂ ಬರೆದ ಹುಡುಗಿಯ ತಲೆಗೆ ಬರುತ್ತದೆ. ಆ ಹುಡುಗಿ ನೀನಾಗಿರಬಹುದು, ಪುಟ್ಟಿ. ಕ್ಷಮೆ ಕೇಳುವ ಮೊದಲು ಮೈಎಸ್‌ಕ್ಯೂಎಲ್‌ನ ಹೆಕ್ಸ್ ಫಂಕ್ಷನ್ ಹಾಕಿ ನೋಡು. ಅಥವಾ ಉದ್ದ ಅಳೆ. ಸರಿಯಾದ ರೆನೆ ಐದು ಬೈಟ್, ನಾಲ್ಕು ಅಕ್ಷರ. ಏಳು ಬೈಟ್, ಐದು ಅಕ್ಷರ ಎಂದು ಬಂದರೆ ಎರಡು ಸಲ ಬೇಯಿಸಿದ ಅನ್ನ ಅದು.

ಎಮೋಜಿ ಮಾತು ಇಲ್ಲಿಗೆ ಬಂತು. ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್8 ಎಂಬ ಹೆಸರಿನದು ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಫ್ರೆಂಚ್, ಜರ್ಮನ್, ಕನ್ನಡ ಎಲ್ಲ ಅದರಲ್ಲಿ ಸುಖವಾಗಿರುತ್ತವೆ. ನಾಲ್ಕು ಬೈಟಿನ ಎಮೋಜಿ ಬಂದಾಗ ಎಡವುತ್ತದೆ. 2010ರಲ್ಲಿ ಬಂದ ಯುಟಿಎಫ್8ಎಂಬಿ4 ನಿಜವಾದ ಯುಟಿಎಫ್-8. 2018ರ 8.0ರಿಂದ ಅದೇ ಮೂಲ ಪಟ್ಟಿ.

ಇನ್ನು ಕೆಟ್ಟದ್ದನ್ನು ಸರಿಮಾಡುವ ವಿಚಾರ. ತಪ್ಪು ಹೇಗಾಯಿತೋ ಅದೇ ಹೆಜ್ಜೆಯಲ್ಲಿ ಹಿಂದಕ್ಕೆ ನಡೆ. ಯುಟಿಎಫ್-8 ಬೈಟನ್ನು 1252 ಎಂದು ಓದಿ ಕೆಟ್ಟಿದ್ದರೆ, ಕೆಟ್ಟ ಪಠ್ಯವನ್ನು 1252ರಲ್ಲಿ ಎನ್‌ಕೋಡ್ ಮಾಡಿ ಮೂಲ ಬೈಟ್ ಪಡೆದು, ಅದನ್ನು ಯುಟಿಎಫ್-8 ಎಂದು ಡಿಕೋಡ್ ಮಾಡು. ಎರಡು ಸಲ ಕೆಟ್ಟಿದ್ದರೆ ಎರಡು ಸಲ. ಇದು ಫ್ರೆಂಚ್‌ನ ಬಹುತೇಕ ಎಲ್ಲ ಅಕ್ಷರಕ್ಕೂ ಒಟ್ಟಿಗೆ ಕೆಲಸ ಮಾಡುತ್ತದೆ, ನಿನ್ನ ನಾಲ್ಕು ಸಾಲಿನ ಹಾಗೆ ಒಂದೊಂದನ್ನು ಹುಡುಕುವುದಿಲ್ಲ. ಎರರ್ ಬಂದರೆ ಬರಲಿ, ನಿಲ್ಲಲಿ. ಎರರ್‍ನ ಬಾಯಿ ಮುಚ್ಚಿಸಲು ಇಗ್ನೋರ್, ರಿಪ್ಲೇಸ್ ಎಂಬ ಎರಡು ಆಯ್ಕೆಗಳನ್ನು ಪೈಥಾನ್ ಕೊಡುತ್ತದೆ. ಜನರ ಹೆಸರಿರುವ ಡೇಟಾ ಮೇಲೆ ಅವನ್ನು ಯಾವತ್ತೂ ಹಾಕಬೇಡ. ಕೆಲವು ಸಾಲು ಕೆಟ್ಟು ಕೆಲವು ಸರಿಯಿರುವ ಬೆರಕೆ ಪಟ್ಟಿಯಾದರೆ ಎಫ್‌ಟಿಎಫ್‌ವೈ ಎಂಬ ಪೈಥಾನ್ ಲೈಬ್ರರಿ ಇದೆ, ರಾಬಿನ್ ಸ್ಪೀರ್ ಎಂಬಾಕೆ ಬರೆದದ್ದು. ಯಾವ ಸಾಲು ಹೇಗೆ ಕೆಟ್ಟಿದೆ ಎಂದು ಅದು ಚೆನ್ನಾಗಿಯೇ ಊಹಿಸುತ್ತದೆ. ಆದರೂ ಅದು ಊಹೆಯೇ, ಮೂಲದ ಪ್ರತಿ ಪಕ್ಕದಲ್ಲಿಟ್ಟುಕೊಂಡು ಮಾಡು.

ಎಲ್ಲ ಬೈಟ್ ಸರಿಯಿದ್ದು, ಕಣ್ಣಿಗೂ ಸರಿಯಾಗಿ ಕಂಡು, ರೆನೆಯನ್ನು ಹುಡುಕಿದರೆ ಸಿಗುವುದಿಲ್ಲ ಎಂಬ ಒಂದು ಸ್ಥಿತಿ ಇದೆ. ಆಗ ಹೆದರಬೇಡ. ಓರೆಗೀಟಿನ ಇಯನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು, ಇಡಿಯಾಗಿ ಒಂದೇ ಸಂಕೇತ ಅಥವಾ ಬರಿಯ ಇ ಮತ್ತು ಅದರ ಮೇಲೆ ಕೂರುವ ಗೀಟು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆ ಇಡುತ್ತದೆ. ಎರಡೂ ಕಡೆಯ ಹೆಸರು ಹೋಲಿಸಿದರೆ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕನ್ನಡದ ಓತ್ವಕ್ಕೂ ಇದೇ ಗುಣವಿದೆ. ‘ಕೋ’ದಲ್ಲಿನ ಸ್ವರಚಿಹ್ನೆ ಇಡಿಯಾಗಿ ಒಂದು ಸಂಕೇತವಾಗಿಯೂ ಬರಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರಾಗಿಯೂ ಬರಬಹುದು. ಹೋಲಿಸುವ ಮೊದಲು ಎರಡೂ ಕಡೆಯನ್ನು ಇಡಿಯಾದ ಸಂಕೇತ ಬಳಸುವ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಸಾಕು.

ನಿನ್ನ ಟೀಮಿನಲ್ಲಿ ಯಾರಾದರೂ "ಈ ಗೀಟು ಚುಕ್ಕೆ ಎಲ್ಲ ತೆಗೆದುಹಾಕಿ ಬರಿಯ ಇಂಗ್ಲಿಷ್ ಅಕ್ಷರ ಮಾಡಿಬಿಡೋಣ, ತಲೆನೋವೇ ಇರೋದಿಲ್ಲ" ಎನ್ನುತ್ತಾರೆ. ಇವತ್ತಲ್ಲ ನಾಳೆ ಖಂಡಿತ ಎನ್ನುತ್ತಾರೆ. ಒಪ್ಪಬೇಡ. ಬಾಳೆಯ ದೀರ್ಘ ತೆಗೆದರೆ ಬಳೆ ಆಗುತ್ತದೆ. ಜರ್ಮನ್‌ನಲ್ಲಿ ಚುಕ್ಕೆಯಿರುವ ಶ್ಯೋನ್ ಅಂದರೆ ಸುಂದರ, ಚುಕ್ಕೆಯಿಲ್ಲದ ಶೋನ್ ಅಂದರೆ ಆಗಲೇ. ಫ್ರೆಂಚ್‌ನ ಪೆಷ್ ಪೀಚ್ ಹಣ್ಣು, ಅದೇ ಅಕ್ಷರಗಳ ಮೇಲೆ ಗೀಟು ಬೇರೆಯಾದ ಪೇಶೇ ಪಾಪ. ನಿನ್ನ ಕೈಯಲ್ಲಿರುವುದು ಹಣ್ಣಿನ ಪಟ್ಟಿಯೂ ಅಲ್ಲ, ಜನರ ಹೆಸರು. ತಾಯಿತಂದೆ ಇಟ್ಟ ಹೆಸರು.

ಇದನ್ನು ನಾವು ಬೇರೆಯವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡಕ್ಕೆ ತನ್ನದೇ ಸಂಖ್ಯೆಗಳ ಜಾಗ ಕಂಪ್ಯೂಟರಿನಲ್ಲಿ ದಿನಬಳಕೆಗೆ ಸಿಗಲಿಲ್ಲ. ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ನಮ್ಮ ಅಕ್ಷರದ ತುಂಡುಗಳು ಇದೇ ಯುರೋಪಿಯನ್ ಅಕ್ಷರಗಳ ಮನೆಗಳಲ್ಲಿ ಬಾಡಿಗೆಗೆ ಇದ್ದವು. ‘ಕನ್ನಡ’ ಎಂಬ ಪದ ಅಲ್ಲಿ ಏಳು ಸಂಖ್ಯೆ: 80, 192, 163, 192, 223, 113, 192. ತಲೆಕಟ್ಟು ಇದ್ದದ್ದು 192ರಲ್ಲಿ, ಅದು ಎಡಕ್ಕೆ ವಾಲಿದ ಗೀಟಿನ ದೊಡ್ಡ ಎ. ನ ಒತ್ತು ಇದ್ದದ್ದು ಜರ್ಮನ್ನರ ಜೋಡಿ ಎಸ್ ಮನೆಯಲ್ಲಿ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಹೋಗಿ ಪಿ, ಗೀಟಿನ ಎ, ಪೌಂಡ್ ಗುರುತು ಕಾಣುತ್ತದೆ. ನಿನ್ನ ತಾತ ಟೈಪ್ ಮಾಡಿಸಿದ ಊರಿನ ದೇವಸ್ಥಾನದ ಚರಿತ್ರೆಯ ಫೈಲ್ ಹಾಗೇ ಇದೆ. ಅದನ್ನು ಎನ್‌ಕೋಡಿಂಗ್ ಬದಲಿಸಿ ಸರಿಮಾಡಲಾಗದು. ಅಲ್ಲಿ ಬೈಟ್ ಓದಿದ್ದು ಸರಿಯೇ, ಅಕ್ಷರವೇ ಬೇರೆ ವೇಷದಲ್ಲಿದೆ. ಅದಕ್ಕೆಂದೇ ಇರುವ ಪರಿವರ್ತಕ ಬೇಕು, ಆಮೇಲೆ ಕಣ್ಣಿಟ್ಟು ತಿದ್ದಬೇಕು. ಆ ಕೆಲಸವನ್ನು ಬರುವ ರಜೆಯಲ್ಲಿ ನಾವಿಬ್ಬರೂ ಕುಳಿತು ಮಾಡೋಣ.

ಸದ್ಯಕ್ಕೆ ನಿನ್ನ ಕೆಲಸ ಇಷ್ಟು. ಬೆಳಿಗ್ಗೆ ಆಫೀಸಿಗೆ ಹೋದ ತಕ್ಷಣ ಆ ನಾಲ್ಕು ಸಾಲನ್ನು ತೆಗೆ. ಅದು ಈಗಾಗಲೇ ಪ್ರೊಡಕ್ಷನ್‌ಗೆ ಹೋಗಿದ್ದರೆ ನಿನ್ನ ಲೀಡ್‌ಗೆ ನೀನೇ ಹೇಳು, ಅಡಗಿಸಬೇಡ. ಕ್ಲೈಂಟ್ ಕಳಿಸಿದ ಮೂಲ ಫೈಲ್ ಯಾರೂ ತೆರೆದು ಸೇವ್ ಮಾಡದೆ ಹಾಗೇ ಇದೆಯೇ ನೋಡು, ಇದ್ದರೆ ಅದರ ಒಂದು ಪ್ರತಿ ಎತ್ತಿಡು. ರೆನೆಯ ಸಾಲಿನ ಬೈಟ್‌ಗಳನ್ನು ಕಾಗದದಲ್ಲಿ ಬರೆದುಕೊಂಡು ನನಗೆ ಫೋನ್ ಮಾಡು. 195, 169 ಇದ್ದರೆ ಹತ್ತು ನಿಮಿಷದ ಕೆಲಸ, ನೀನೇ ಮಾಡುತ್ತೀ. 195, 131, 194, 169 ಇದ್ದರೆ ಕೆಟ್ಟದ್ದು ಅವರ ಕಡೆಯೇ, ಅವರೊಡನೆ ಮಾತಾಡಬೇಕು. 239, 191, 189 ಇದ್ದರೆ ಇನ್ನೊಮ್ಮೆ ಫೈಲ್ ಕಳಿಸಿ ಎಂದು ಇವತ್ತೇ ಕೇಳು, ಅವರ ಹಳೆಯ ಪ್ರತಿ ಅಳಿಸಿಹೋಗುವ ಮುಂಚೆ.